ಕೊಡಗಿನ ಸ್ಲೈಡ್‌ಗಳಿಗೆ ಕನ್ನಡ ಕಾಗುಣಿತ ತಪಾಸಣೆ: ಕೆಲಸ ಎಲ್ಲಿಗೆ ಬಂತು

ಕೊಡಗಿನ ಊರು, ಕಾಫಿ, ಹಬ್ಬಗಳ ಬಗ್ಗೆ ಶಾಲೆಗಳಲ್ಲಿ ತೋರಿಸಲು ಸಿದ್ಧಪಡಿಸುತ್ತಿರುವ ಕನ್ನಡ ಸ್ಲೈಡ್‌ಗಳನ್ನು ಲಿಬ್ರೆಆಫೀಸಿನ ಸ್ಲೈಡ್ ತಂತ್ರಾಂಶ ಇಂಪ್ರೆಸ್‌ನಲ್ಲಿ ತಪ್ಪಿಲ್ಲದಂತೆ ಮಾಡುವುದು ಈ ಕೆಲಸ. ಗೋಡೆಯ ಮೇಲೆ ಮೊಳದುದ್ದದ ಅಕ್ಷರದಲ್ಲಿ ಕಂಡ ತಪ್ಪನ್ನೇ ಮಕ್ಕಳು ಸರಿ ಎಂದು ಕಲಿಯುತ್ತಾರೆ. ಹಾಗಾಗಿ ಒಂದು ಕೊಂಬು, ಒಂದು ದೀರ್ಘವನ್ನೂ ಬಿಡುವಂತಿಲ್ಲ.

ಮೊದಲ ಸುತ್ತು: ತಪಾಸಣೆ ನಡೆಯುವಂತೆ ಮಾಡುವುದು

ಕಾಗುಣಿತ ತಪಾಸಣೆಯ ಕೀಲಿ ಎಫ್7 ಒತ್ತಿದ ಕ್ಷಣವೇ ತಪಾಸಣೆ ಮುಗಿಯಿತು ಎಂಬ ಸಂದೇಶ ಬಂದರೆ, ಒಂದೂ ಕೆಂಪು ಗೆರೆ ಕಾಣದಿದ್ದರೆ ಖುಷಿಪಡಬಾರದು. ಬಹುಪಾಲು ಅಲ್ಲಿ ತಪಾಸಣೆಯೇ ನಡೆದಿರುವುದಿಲ್ಲ. ಖಚಿತಪಡಿಸಿಕೊಳ್ಳಲು ಮೊದಲ ಸ್ಲೈಡಿನಲ್ಲಿ 'ಕಕಪಟಳ' ಎಂದು ಬೇಕೆಂದೇ ಟೈಪ್ ಮಾಡಿ. ಅದರ ಕೆಳಗೂ ಗೆರೆ ಬರದಿದ್ದರೆ ಕಾರಣ ಬಹುಪಾಲು ಈ ಮೂರರಲ್ಲಿ ಒಂದು.

ಒಂದು, ಕನ್ನಡದ ಹನ್‌ಸ್ಪೆಲ್ ನಿಘಂಟು (ಕಾಗುಣಿತ ನೋಡಲು ಲಿಬ್ರೆಆಫೀಸ್ ಬಳಸುವ ಪದಪಟ್ಟಿ) ಕಂಪ್ಯೂಟರಿನಲ್ಲಿ ಇಲ್ಲ. ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಪಕ್ಕ ಟಿಕ್ ಗುರುತಿನ ಚಿತ್ರ ಇದ್ದರೆ ನಿಘಂಟು ಇದೆ ಎಂದರ್ಥ. ಎರಡು, ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್ ಒಳಗೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ (ಭಾರತೀಯ ಲಿಪಿಗಳಂಥವಕ್ಕೆ ಇರುವ ಆಯ್ಕೆ) ಆನ್ ಆಗಿಲ್ಲ, ಅಥವಾ ಅಲ್ಲಿ ಹಿಂದಿ ಕೂತಿದೆ. ಕನ್ನಡವನ್ನು ವೆಸ್ಟರ್ನ್ ಸಾಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅದರ ಜಾಗ ಕಾಂಪ್ಲೆಕ್ಸ್ ಸಾಲು. ಮೂರು, ಬೇರೆ ಕಡೆಯಿಂದ ಕಾಪಿ ಮಾಡಿ ತಂದ ಪಠ್ಯ ಹಳೆಯ ಭಾಷಾ ಗುರುತನ್ನೂ ಹೊತ್ತು ತಂದಿದೆ. ಪಠ್ಯ ಆಯ್ದು ಫಾರ್ಮ್ಯಾಟ್, ಕ್ಯಾರೆಕ್ಟರ್‌ಗೆ ಹೋಗಿ ಭಾಷೆ ಬದಲಿಸಬೇಕು. ಔಟ್‌ಲೈನ್ ನೋಟದಲ್ಲಿ ಎಲ್ಲವನ್ನೂ ಒಮ್ಮೆಗೇ ಆಯ್ದುಕೊಳ್ಳಬಹುದು, ಆದರೆ ಬಿಡಿಯಾಗಿ ಎಳೆದ ಟೆಕ್ಸ್ಟ್ ಬಾಕ್ಸ್‌ಗಳು ಅಲ್ಲಿ ಕಾಣುವುದೇ ಇಲ್ಲ. ಅವನ್ನು ಸ್ಲೈಡಿಗೇ ಹೋಗಿ ಸರಿಪಡಿಸಬೇಕು. ಪವರ್‌ಪಾಯಿಂಟ್ ಬಳಸುವವರಿಗೆ ಇದೇ ಕೆಲಸ ರಿವ್ಯೂ ಟ್ಯಾಬಿನ ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್‌ನಲ್ಲಿದೆ.

ನುಡಿ ತಂತ್ರಾಂಶದ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತ) ಫಾಂಟಿನಲ್ಲಿದ್ದ ಸ್ಲೈಡ್‌ಗಳನ್ನು ಯೂನಿಕೋಡ್‌ಗೆ ತಂದಾಯಿತು. ಹಳೆಯ ಫಾಂಟಿನ ಪಠ್ಯ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರಗಳು, ಯಾವ ಕನ್ನಡ ನಿಘಂಟಿಗೂ ಎಟುಕುವುದಿಲ್ಲ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮುಂದೆ ಬರಬೇಕು. ಆದ್ದರಿಂದ ಪರಿವರ್ತನೆಯ ನಂತರ 'ವರ್ಷ', 'ಕಾರ್ಯ' ಇರುವ ಕಡೆಯೆಲ್ಲ ಮತ್ತೊಮ್ಮೆ ನೋಡಬೇಕು.

ಎರಡನೇ ಸುತ್ತು: ಪೊನ್ನಂಪೇಟೆಯ ಸೊನ್ನೆ

ಈ ಸುತ್ತಿನಲ್ಲೇ ಹೆಚ್ಚು ಹೊತ್ತು ಹಿಡಿಯಿತು. 'ಪೊನ್ನಂಪೇಟೆ' ಮತ್ತು 'ಪೊನ್ನ೦ಪೇಟೆ', ಎರಡನ್ನೂ ಹತ್ತಿರದಿಂದ ನೋಡಿ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡ ಅಂಕಿಯ ಸೊನ್ನೆ. ಹಲವು ಫಾಂಟುಗಳಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಅಂಕಿ ಸೇರಿದ ಪದಗಳನ್ನು ಲಿಬ್ರೆಆಫೀಸ್ ತಾನಾಗಿ ಪರೀಕ್ಷಿಸುವುದಿಲ್ಲ. ಸೊನ್ನೆಯೂ ಅಂಕಿಯೇ ಆದ್ದರಿಂದ ಇಡೀ ಪದ ಗೆರೆಯಿಲ್ಲದೆ ಪಾರಾಗುತ್ತದೆ. ರೈಟಿಂಗ್ ಏಡ್ಸ್ ಪುಟದಲ್ಲಿ 'ಚೆಕ್ ವರ್ಡ್ಸ್ ವಿತ್ ನಂಬರ್ಸ್' ಎಂಬುದಕ್ಕೆ ಟಿಕ್ ಹಾಕಬೇಕು. ನಮ್ಮ ಸ್ಲೈಡ್‌ಗಳಲ್ಲಿ ಇಸವಿ, ಎತ್ತರಗಳೆಲ್ಲ 1, 2, 3 ಅಂಕಿಗಳಲ್ಲೇ ಇರುವುದರಿಂದ ದಾರಿ ಇನ್ನೂ ಸುಲಭ: ಕಂಟ್ರೋಲ್ ಮತ್ತು ಎಚ್ ಒತ್ತಿ, ಎಲ್ಲ '೦' ತೆಗೆದು ಅನುಸ್ವಾರ ಹಾಕಿದರಾಯಿತು. ಕನ್ನಡ ಅಂಕಿ ಬಳಸುವವರು ಮಾತ್ರ ಹೀಗೆ ಸಾರಾಸಗಟು ಬದಲಿಸಬಾರದು, ೧೦ ಇದ್ದದ್ದು ಕೆಡುತ್ತದೆ.

ವಿಸರ್ಗದ್ದೂ ಇಂಥದೇ ಕಥೆ. 'ಪುನಃ' ಬರೆಯುವಲ್ಲಿ 'ಪುನ:' ಎಂದು ಕೋಲನ್ ಒತ್ತುವ ರೂಢಿ ವ್ಯಾಪಕವಾಗಿದೆ.

'ಐನ್‌ಮನೆ' (ಕೊಡವ ಕುಟುಂಬದ ಮೂಲಮನೆ) ಇನ್ನೊಂದು ಬಗೆ. 'ನ್' ಆದ ಮೇಲೆ ನಾನ್ ಜಾಯ್ನರ್ (ಅಕ್ಷರಗಳು ಕೂಡದಂತೆ ತಡೆಯುವ ಕಾಣದ ಚಿಹ್ನೆ) ಇಲ್ಲದಿದ್ದರೆ ಅದು 'ಐನ್ಮನೆ' ಆಗಿ ಒತ್ತಕ್ಷರ ಬೀಳುತ್ತದೆ. 200 ಎಂದು ಬರೆದು ಅದಕ್ಕೆ ಅಂಟಿಸಿ ಇಂಗ್ಲಿಷ್ ಸಿ ಅಕ್ಷರ ಟೈಪ್ ಮಾಡಿ, ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಆ ಕಾಣದ ಚಿಹ್ನೆ ಬರುತ್ತದೆ.

ಮೂರನೇ ಸುತ್ತು: ಕೊಡಗಿನ ಪದಕೋಶ

ಆಪ್ಷನ್ಸ್‌ನ ರೈಟಿಂಗ್ ಏಡ್ಸ್‌ನಲ್ಲಿ 'ಕೊಡಗು' ಎಂಬ ಹೊಸ ಬಳಕೆದಾರ ನಿಘಂಟು ತೆರೆಯಲಾಗಿದೆ. 'ಮಡಿಕೇರಿ' ಎಂದು ಒಂದು ಪದ ಸೇರಿಸಿದರೆ ಸಾಲದು, 'ಮಡಿಕೇರಿಯಲ್ಲಿ' ತಪಾಸಣೆಗೆ ಬೇರೆ ಪದ. ಮೂಲರೂಪ ಹಾಗೂ ಯ, ಗೆ, ಯಲ್ಲಿ, ಯಿಂದ, ಯನ್ನು ಸೇರಿದ ರೂಪಗಳು: ಊರಿಗೆ ಆರು, ಐದು ತಾಲ್ಲೂಕಿಗೆ 30 ಪದ. 'ಮಡಿಕೇರಿಯಲ್ಲೂ', 'ಮಡಿಕೇರಿಗೂ' ಎಂಬ ಊಕಾರವನ್ನೂ ಸೇರಿಸಿದರೆ ಪಟ್ಟಿ ಸುಮಾರು ಇಮ್ಮಡಿ. ಪೇಟೆಗಳು ಮೂರೂ ಮಡಿಕೇರಿಯ ಹಾದಿಯಲ್ಲೇ ನಡೆಯುತ್ತವೆ. ಕುಶಾಲನಗರ ಮಾತ್ರ ದ, ಕ್ಕೆ, ದಲ್ಲಿ, ದಿಂದ, ವನ್ನು ಎಂದು ಹೊರಳುತ್ತದೆ. ಕಣ್ಣುಮುಚ್ಚಿ ಕಾಪಿ ಮಾಡಿದರೆ 'ಕುಶಾಲನಗರಯಲ್ಲಿ' ಎಂಬ ತಪ್ಪೇ ನಿಘಂಟು ಸೇರುತ್ತದೆ.

ಒಂದೊಂದಾಗಿ ಸೇರಿಸುವ ಬದಲು ನಿಘಂಟಿನ ಕಡತವನ್ನೇ ಟೆಕ್ಸ್ಟ್ ಎಡಿಟರಿನಲ್ಲಿ ತೆರೆಯಬಹುದು. ಅದು ಬಳಕೆದಾರರ ಪ್ರೊಫೈಲಿನ 'ವರ್ಡ್‌ಬುಕ್' ಫೋಲ್ಡರಿನಲ್ಲಿರುತ್ತದೆ. ಮೂರು ಅಡ್ಡಗೆರೆಗಳ ಸಾಲಿನ ಕೆಳಗೆ ಸಾಲಿಗೊಂದು ಪದ, ಯುಟಿಎಫ್-8ರಲ್ಲೇ (ಯೂನಿಕೋಡ್ ಪಠ್ಯ ಉಳಿಸುವ ಬಗೆ) ಉಳಿಸಬೇಕು, ಲಿಬ್ರೆಆಫೀಸ್ ಮುಚ್ಚಿರಬೇಕು. ಜಾಗ ಬಿಟ್ಟು ಬರೆಯುವ ಹಬ್ಬದ ಹೆಸರು 'ಕೈಲ್ ಪೊಳ್ದ್' ಎರಡು ಪದವಾಗಿ ಹೋಗಬೇಕು.

'ವಿರಾಜಪೇಟೆ', 'ವೀರಾಜಪೇಟೆ' ಎರಡೂ ಬಳಕೆಯಲ್ಲಿವೆ. ದೊಡ್ಡ ವೀರರಾಜೇಂದ್ರನ ಹೆಸರಿನ ಊರಾದ್ದರಿಂದ ದೀರ್ಘಕ್ಕೂ ನ್ಯಾಯವಿದೆ. ಆದರೆ ಒಂದೇ ಸ್ಲೈಡಿನಲ್ಲಿ ಎರಡೂ ಬರಬಾರದು. ಅದಕ್ಕಾಗಿ 'ಎಕ್ಸೆಪ್ಷನ್' ಬಗೆಯ ಎರಡನೇ ನಿಘಂಟು ಮಾಡಿ, ದೀರ್ಘರೂಪಕ್ಕೆ ಬದಲಿಯಾಗಿ 'ವಿರಾಜಪೇಟೆ' ಕೊಡಲಾಗಿದೆ. 'ಐನ್ಮನೆ'ಯೂ ಅಲ್ಲೇ ಇದೆ. ಸುಗ್ಗಿ ಹಬ್ಬದ ಹೆಸರು ಹುತ್ತರಿ, ಪುತ್ತರಿ ಎರಡನ್ನೂ ಉಳಿಸಿಕೊಂಡಿದ್ದೇವೆ: ಕನ್ನಡ ವಾಕ್ಯಕ್ಕೆ ಮೊದಲನೆಯದು, ಕೊಡವರ ಭಾಷೆಯಾದ ಕೊಡವ ತಕ್ಕ್‌ನ ಸಾಲಿಗೆ ಎರಡನೆಯದು.

ನಾಲ್ಕನೇ ಸುತ್ತು, ಈಗ ನಡೆಯುತ್ತಿರುವುದು: ವ್ಯಾಕರಣ

ಇಲ್ಲಿ ಸಾಫ್ಟ್‌ವೇರ್ ಕೈಬಿಡುತ್ತದೆ. ಲಿಬ್ರೆಆಫೀಸ್ ಜೊತೆ ಜೋಡಿಸುವ ವ್ಯಾಕರಣ ತಪಾಸಕ ಲ್ಯಾಂಗ್ವೇಜ್‌ಟೂಲ್ ತಮಿಳನ್ನು ನೋಡುತ್ತದೆ, ಕನ್ನಡವನ್ನು ನೋಡುವುದಿಲ್ಲ. ಇದ್ದುದರಲ್ಲಿ ಕೆಲಸಕ್ಕೆ ಬಂದದ್ದು ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಹುಡುಕಾಟ. 'ಗಿಡಗಳು ಒಣಗುತ್ತದೆ' ಎಂಬಂಥ ವಚನದ ತಪ್ಪಿಗೆ ಹುಡುಕುವ ಸೂತ್ರ ('ಗಳು' ಆದ ಮೇಲೆ, ನಡುವೆ ಪೂರ್ಣವಿರಾಮವಿಲ್ಲದೆ, 'ತ್ತದೆ' ಬರುವ ಕಡೆ):

ಗಳು[^.]*ತ್ತದೆ

'ನೆರಳುಮರಗಳು ಇರುವ ತೋಟ ತಂಪಾಗಿರುತ್ತದೆ' ಎಂಬ ಸರಿಯಾದ ವಾಕ್ಯವೂ ಬಲೆಗೆ ಬೀಳುತ್ತದೆ. ಆದ್ದರಿಂದ ಒಟ್ಟಿಗೆ ಬದಲಿಸದೆ ಒಂದೊಂದನ್ನೇ ಓದಿ ತಿದ್ದಬೇಕು.

ನಿಘಂಟಿನಲ್ಲಿರುವ ಪದವೇ ತಪ್ಪು ಜಾಗದಲ್ಲಿ ಕೂತರೆ ಯಾವ ಗೆರೆಯೂ ಬರುವುದಿಲ್ಲ. 'ಕಾಫಿ ಬೆಳೆ ಕುಸಿದಿದೆ', 'ಕಾಫಿ ಬೆಲೆ ಕುಸಿದಿದೆ' ಎರಡೂ ಸರಿ, ಹೇಳುವ ಸಂಗತಿ ಮಾತ್ರ ಬೇರೆ. 'ಅರಳು' ಎಂಬುದು 'ಹರಳು' ಆದಾಗಲೂ 'ಹರಳು' ತನ್ನಷ್ಟಕ್ಕೆ ಒಳ್ಳೆಯ ಪದವೇ. ಇಂಥ ಜೋಡಿಗಳ ಪಟ್ಟಿ ಬೆಳೆಯುತ್ತಿದೆ, ಪ್ರತಿಯೊಂದನ್ನೂ ಹುಡುಕಿ ವಾಕ್ಯವನ್ನು ಗಟ್ಟಿಯಾಗಿ ಓದುವುದೇ ಸದ್ಯದ ಕ್ರಮ.

ಬಾಕಿ ಇರುವುದು: ನಕ್ಷೆಯ ಚಿತ್ರದೊಳಗೇ ಅಚ್ಚಾಗಿರುವ ಊರ ಹೆಸರುಗಳು. ಚಿತ್ರವನ್ನು ತಪಾಸಣೆ ಓದುವುದಿಲ್ಲ. ಅವನ್ನು ಅಳಿಸಿ, ನಕ್ಷೆಯ ಮೇಲೆ ಟೆಕ್ಸ್ಟ್ ಬಾಕ್ಸಿನಲ್ಲಿ ಬರೆಯುವ ಕೆಲಸ ಭಾಗಮಂಡಲದವರೆಗೆ ಬಂದಿದೆ.