ಬ್ಯಾಟರಿ ಘಟಕಕ್ಕೆ ಜಾಗ ಹುಡುಕುವ ಅಭ್ಯಾಸ: ಮೂರನೇ ವರದಿ

ವಿದ್ಯುತ್ತನ್ನು ಸಂಗ್ರಹಿಸಿಡುವ ಬ್ಯಾಟರಿ ಘಟಕಕ್ಕೆಂದು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ಮೂರು ಜಾಗಗಳನ್ನು ಗುರುತಿಸಿ ಕಳೆದ ವರದಿಯನ್ನು ನಿಲ್ಲಿಸಿದ್ದೆ. ಹೊಸದಾಗಿ ಓದುವವರಿಗೆ ಹೇಳಬೇಕಾದದ್ದು ಇಷ್ಟು: ಇದು ಯಾವ ಕಂಪನಿಯ ಯೋಜನೆಯೂ ಅಲ್ಲ, ನಿವೃತ್ತ ಭೂಗೋಳ ಶಿಕ್ಷಕನೊಬ್ಬ ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶ ಕಲಿಯುವ ನೆಪದಲ್ಲಿ ತನಗೆ ತಾನೇ ಕೊಟ್ಟುಕೊಂಡ ಲೆಕ್ಕ. ಘಟಕದ ಸಾಮರ್ಥ್ಯ 50 ಮೆಗಾವ್ಯಾಟ್; ನಾಲ್ಕು ತಾಸು ವಿದ್ಯುತ್ ಕೊಡಬೇಕೆಂದರೆ 200 ಮೆಗಾವ್ಯಾಟ್ ಅವರ್ ಸಂಗ್ರಹ ಬೇಕು. ತಲಾ 5 ಮೆಗಾವ್ಯಾಟ್ ಅವರ್‌ನ 40 ಕಂಟೇನರ್‌ಗಳು, ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಒಳರಸ್ತೆ ಎಲ್ಲ ಸೇರಿ ನನ್ನ ನಕ್ಷೆಯಲ್ಲಿ 6 ಎಕರೆ ಆಗಿದೆ.

ಕಾನೂನಿನ ಭಾಗ ಬೇಗ ಮುಗಿಯಿತು. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಸಾಮಾನ್ಯವಾಗಿ ಭೂ ಪರಿವರ್ತನೆ ಆಗಬೇಕು. ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆ ಹೊರಟಾಗ ಅದರ ಪಟ್ಟಿಯಲ್ಲಿ ಜಲವಿದ್ಯುತ್, ಉಷ್ಣವಿದ್ಯುತ್, ಅಣುವಿದ್ಯುತ್ ಇದ್ದವೇ ಹೊರತು ಬ್ಯಾಟರಿ ಸಂಗ್ರಹಕ್ಕೆಂದು ಪ್ರತ್ಯೇಕ ಸಾಲು ಇರಲಿಲ್ಲ. ಹಾಗಾಗಿ ಯಾವ ಪ್ರಶ್ನೆಗಳನ್ನು ಕೇಳಬೇಕು ಎಂಬುದನ್ನು ನಾನೇ ಗೊತ್ತು ಮಾಡಿಕೊಳ್ಳಬೇಕಾಯಿತು. ಅವುಗಳಲ್ಲಿ ಉಳಿದೆಲ್ಲವನ್ನೂ ಹಿಂದಕ್ಕೆ ಸರಿಸಿದ ಪ್ರಶ್ನೆ ಒಂದೇ: ಬೆಂಕಿ ಬಿದ್ದ ದಿನ ಅಲ್ಲಿನ ನೀರು ಎಲ್ಲಿಗೆ ಹೋಗುತ್ತದೆ?

ಮೂರರಲ್ಲಿ ಗಾಯರಾಣವನ್ನು, ಅಂದರೆ ಊರಿನ ಗೋಮಾಳವನ್ನು, ಮೊದಲೇ ಕೈಬಿಟ್ಟೆ. ನೂರು ದನಗಳಿಗೆ 12 ಹೆಕ್ಟೇರ್ ಗೋಮಾಳ ಇರಬೇಕೆಂದು 1966ರ ಭೂ ಕಂದಾಯ ನಿಯಮಗಳು ಹೇಳುತ್ತವೆ. ಆ ಊರಿನ ದನಗಳನ್ನು ಲೆಕ್ಕ ಹಾಕಿದರೆ ಇರುವುದೇ ಸಾಲದು. ಎರಡನೆಯದು ವಿದ್ಯುತ್ ಉಪಕೇಂದ್ರದ ಮಗ್ಗುಲಿನ ತೊಗರಿ ಹೊಲ. ಇಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೆ. ಪಹಣಿಯಲ್ಲಿ 14 ಗುಂಟೆ ‘ಬಿ’ ಖರಾಬು (ಸಾರ್ವಜನಿಕ ಬಳಕೆಗೆಂದು ಸಾಗುವಳಿಯಿಂದ ಬಿಟ್ಟ ಜಾಗ) ನಮೂದಾಗಿತ್ತು, ಅದನ್ನು ಬಂಡಿದಾರಿ ಎಂದು ತಿಳಿದು ಕಂಟೇನರ್‌ಗಳ ಸಾಲನ್ನು ಅದರ ಅಂಚಿಗೇ ಎಳೆದಿದ್ದೆ. ಹೊಲದ ಬದುವಿನ ಮೇಲೆ ಕುರಿ ಮೇಯಿಸುತ್ತಿದ್ದ ಹಿರಿಯರಿಗೆ ಮೊಬೈಲಿನಲ್ಲಿ ನಕ್ಷೆ ತೋರಿಸಿ, “ಕಾಕಾ, ಇದು ದಾರಿನಾ?” ಎಂದೆ. ಅವರು ನಕ್ಕು, “ದಾರಿ ಅಲ್ರೀ ಮಾಸ್ತರ, ಹಳ್ಳ ಅದ. ಈಗ ಒಣಗ್ಯಾದ ಅಷ್ಟೇ. ಮಳಿಗಾಲದಾಗ ಬಂದು ನೋಡ್ರಿ” ಎಂದರು. ಉಪಗ್ರಹ ಚಿತ್ರ ಬೇಸಿಗೆಯದಾಗಿದ್ದರಿಂದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅದೇ ಹೊಲದಿಂದ ಒಂದು ಚೀಲ ಎರೆ ಮಣ್ಣು ತಂದು, ಅದು ಎಷ್ಟು ಉಬ್ಬುತ್ತದೆ ಎಂಬುದನ್ನು ಭಾರತೀಯ ಮಾನಕ 2720ರ 40ನೇ ಭಾಗದಲ್ಲಿ ಹೇಳಿರುವ ಕ್ರಮದಂತೆ ಮನೆಯಲ್ಲೇ ಪರೀಕ್ಷಿಸಿದೆ. ಒಣಗಿಸಿ 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, 100 ಮಿಲಿಲೀಟರ್‌ನ ಎರಡು ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ಡಿಸ್ಟಿಲ್ಡ್ ವಾಟರ್, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ತಾಸು ಬಿಡಬೇಕು. ಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ನೀರು ಇನ್ವರ್ಟರ್ ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತು. ಸೀಮೆಎಣ್ಣೆಗಾಗಿ ಮಾತ್ರ ನಾಲ್ಕು ದಿನ ಅಲೆದೆ. ಮರುದಿನ ನೋಡಿದರೆ ಎಣ್ಣೆಯ ಜಾಡಿಯಲ್ಲಿ ಮಣ್ಣು 10 ಮಿಲಿಲೀಟರ್ ಗೆರೆಯಲ್ಲಿ ಕುಳಿತಿತ್ತು, ನೀರಿನ ಜಾಡಿಯಲ್ಲಿ 21ರವರೆಗೆ ಏರಿ ಗಂಜಿಯಂತೆ ನಿಂತಿತ್ತು. ಉಬ್ಬುವಿಕೆ ಶೇ 110. ಇಂಥ ನೆಲದಲ್ಲಿ ಭಾರವಾದ ಕಂಟೇನರ್ ಕೂರಿಸಲು ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳು ಬೇಕಾಗುತ್ತವೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅವುಗಳನ್ನು ರೂಪಿಸಿದ್ದೇ ಎರೆ ಭೂಮಿಗಾಗಿ. ಖರ್ಚಾದರೂ ಅಡಿಪಾಯಕ್ಕೆ ಪರಿಹಾರವಿದೆ. ನನ್ನನ್ನು ಕಾಡಿದ್ದು ಬೇಸಿಗೆಯ ಬಿರುಕು: ಹೊಲದಲ್ಲಿ ಬಿದ್ದಿದ್ದ ಒಂದು ಬಿರುಕಿನೊಳಗೆ ನನ್ನ ಒಂದು ಮೀಟರ್ ಅಳತೆಪಟ್ಟಿ ಪೂರ್ತಿ ಇಳಿಯಿತು. ಬೆಂಕಿಯ ದಿನ ನೀರೂ ಹಾಗೆಯೇ ಇಳಿದೀತು.

ಲಿಥಿಯಂ ಬ್ಯಾಟರಿಯಲ್ಲಿ ಒಂದು ಸೆಲ್ ಮಿತಿಮೀರಿ ಕಾದರೆ ಪಕ್ಕದ ಸೆಲ್ಲನ್ನೂ ಕಾಯಿಸುತ್ತದೆ. ಹಾಗೆ ಹೊತ್ತಿದ ಕಂಟೇನರನ್ನು ಸಾಮಾನ್ಯವಾಗಿ ಉರಿದು ಮುಗಿಯಲು ಬಿಟ್ಟು, ಸುತ್ತಲಿನವುಗಳ ಮೇಲೆ ನೀರು ಹಾಯಿಸಿ ತಂಪು ಮಾಡುತ್ತಾರೆ. ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ 2025ರ ಜನವರಿ 16ರಂದು ಘಟಕ ಹೊತ್ತಿದಾಗ ಸಾವಿರಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಲಾಯಿತು, ಪಕ್ಕದ ಜೌಗು ಪ್ರದೇಶದ ಮೇಲ್ಮಣ್ಣಿನಲ್ಲಿ ನಿಕ್ಕೆಲ್, ಕೋಬಾಲ್ಟ್, ಮ್ಯಾಂಗನೀಸ್ ಹೆಚ್ಚಿದ್ದುದು ಕಂಡುಬಂತು. ನಾನು ಲೆಕ್ಕಕ್ಕೆ ಹಿಡಿದಿರುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳ ಧನಾಗ್ರದಲ್ಲಿ ನಿಕ್ಕೆಲ್, ಕೋಬಾಲ್ಟ್ ಇರುವುದಿಲ್ಲ. ಆದರೆ ಫ್ಲೋರಿನ್ ಇರುವ ಲವಣ ಅವುಗಳಲ್ಲೂ ಇರುತ್ತದೆ, ಉರಿದಾಗ ಹೈಡ್ರೋಜನ್ ಫ್ಲೋರೈಡ್ ಹೊರಬರುತ್ತದೆ.

ನಿಮಿಷಕ್ಕೆ 1,000 ಲೀಟರ್‌ನಂತೆ ಎರಡು ತಾಸು ನೀರು ಹಾಯಿಸಿದರೆ 120 ಘನ ಮೀಟರ್ ಆಗುತ್ತದೆ. ಆ ಕೊಳಕು ನೀರು ಹೊರಗೆ ಹರಿಯದಂತೆ ಅಷ್ಟು ಹಿಡಿಯುವ ಒಂದು ಹೊಂಡ ಸಾಕೆಂದು ಬರೆದಿಟ್ಟಿದ್ದೆ. ಆಮೇಲೆ, 2020ರ ಅಕ್ಟೋಬರಿನ ಭೀಮಾ ಪ್ರವಾಹವನ್ನು ಕಂಡವನಾಗಿಯೂ ಮಳೆಯನ್ನೇ ಮರೆತಿದ್ದೇನಲ್ಲ ಎನಿಸಿತು. ಒಂದೇ ದಿನ 100 ಮಿಲಿಮೀಟರ್ ಮಳೆ ಸುರಿದರೆ 6 ಎಕರೆಯಲ್ಲಿ ಸುಮಾರು 2,430 ಘನ ಮೀಟರ್ ನೀರು ಬೀಳುತ್ತದೆ, ಬೆಂಕಿಯ ನೀರಿನ 20 ಪಟ್ಟು. ಆದ್ದರಿಂದ ಕಂಟೇನರ್‌ಗಳು ನಿಲ್ಲುವ ಒಂದು ಎಕರೆಯ ಕಟ್ಟೆಗೆ ಮಾತ್ರ ಅಂಚುಗೋಡೆ ಕಟ್ಟಿ, ಉಳಿದ ಮಳೆನೀರನ್ನು ಬೇರೆ ಕಾಲುವೆಗೆ ತಿರುಗಿಸಿದೆ. ಈಗ ಬೇಕಾದದ್ದು 525 ಘನ ಮೀಟರ್. 18 ಮೀಟರ್ ಉದ್ದ, 15 ಮೀಟರ್ ಅಗಲ, 2 ಮೀಟರ್ ಆಳದ ಹೊಂಡದಲ್ಲಿ ಅದು ಹಿಡಿಯುತ್ತದೆ. ಎರೆ ಬಿರಿಯುವುದರಿಂದ ಕೃಷಿ ಹೊಂಡಗಳಿಗೆ ಹಾಸುವಂಥ ಪಾಲಿಥಿನ್ ಹಾಸು ಕಡ್ಡಾಯ, ಹಳ್ಳದ ಕಡೆಗೆ ಮುಚ್ಚಲು ಬರುವ ಒಂದು ಗೇಟೂ ಬೇಕು.

ಸದ್ದಿನ ಲೆಕ್ಕ ಸರಳವಾಗಿತ್ತು. ಪ್ರತಿ ಕಂಟೇನರಿನ ಫ್ಯಾನು ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಎಂದಿಟ್ಟುಕೊಂಡರೆ, ನಲವತ್ತೂ ಸೇರಿ 200 ಮೀಟರ್ ದೂರದಲ್ಲಿ 45 ಆಗುತ್ತದೆ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿಯೂ ಅಷ್ಟೇ. ಮನೆಗಳಿಂದ 300 ಮೀಟರ್ ಬಿಡುವುದೆಂದು ಗೆರೆ ಎಳೆದಿದ್ದೇನೆ.

ಮೂರನೆಯ ಜಾಗ, ಕೈಬಿಟ್ಟ ಪರ್ಸಿ ಕಲ್ಲಿನ (ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು) ಗಣಿಯ ದಂಡೆ, ನನಗೆ ಹೆಚ್ಚು ಒಪ್ಪಿಗೆಯಾಗಿತ್ತು. ಬೆಳೆ ಹೋಗುವುದಿಲ್ಲ, ಎರಡು ಅಡಿಗೇ ಗಟ್ಟಿ ಸುಣ್ಣಕಲ್ಲು ಸಿಗುತ್ತದೆ. ಆದರೆ ಗಣಿಯ ಗುಂಡಿಯಲ್ಲಿ ನೀರು ನಿಂತಿದೆ. ಊರಿನ ಹೆಣ್ಣುಮಕ್ಕಳು ಅಲ್ಲಿ ಬಟ್ಟೆ ಒಗೆಯುತ್ತಾರೆ, ಎಮ್ಮೆಗಳು ಇಳಿಯುತ್ತವೆ. ಮೇ ತಿಂಗಳಲ್ಲಿ ಕಲ್ಲಿನ ಗೋಡೆಗೆ ಬಣ್ಣದಿಂದ ಗೆರೆ ಎಳೆದು, ದಂಡೆಯ ಮೇಲೆ ನೀರು ತುಂಬಿದ ಒಂದು ಪ್ಲಾಸ್ಟಿಕ್ ಟಬ್ ಇಟ್ಟು, ಮುಳ್ಳು ಮುಚ್ಚಿ ಬಂದೆ. ವಾರದ ನಂತರ ಟಬ್ಬಿನಲ್ಲಿ 7 ಸೆಂಟಿಮೀಟರ್ ಇಳಿದಿತ್ತು, ಗುಂಡಿಯಲ್ಲಿ 12. ಅಲ್ಲಿಂದ ಯಾರೂ ಮೋಟಾರ್ ಹಚ್ಚಿ ನೀರೆತ್ತುವುದಿಲ್ಲ. ಟಬ್ಬಿನ ನೀರು ಬೇಗ ಕಾಯುವುದರಿಂದ ಗುಂಡಿಗಿಂತ ಹೆಚ್ಚೇ ಆವಿಯಾಗುತ್ತದೆ, ಅಂದರೆ ಕಲ್ಲಿನ ಸಂದುಗಳಿಗೆ ಇಳಿದದ್ದು 5 ಸೆಂಟಿಮೀಟರಿಗಿಂತ ಕಡಿಮೆಯಂತೂ ಇಲ್ಲ.

ಗಣಿಯ ಇಳಿಜಾರಿನಲ್ಲಿ ಎರಡು ತೆರೆದ ಬಾವಿಗಳಿವೆ, ಒಂದರ ನೀರನ್ನು ಈಗಲೂ ಕುಡಿಯುತ್ತಾರೆ. ಗೇಣಿಗೊಂದು ಗಂಟು ಹಾಕಿದ ಹಗ್ಗ ಸಿದ್ಧವಾಗಿದೆ. ಮುಂದಿನ ಭಾನುವಾರದಿಂದ ಗುಂಡಿಯ ಜೊತೆಗೆ ಆ ಎರಡು ಬಾವಿಗಳ ಮಟ್ಟವನ್ನೂ ಬರೆದಿಡುತ್ತೇನೆ.