ಬಾದುವಾನ್‌ಜಿನ್ ಐದನೇ ಚಲನೆ: ಕೊನೆಗೂ ಬಾಲ ಅಲ್ಲಾಡಿತು

ಬಾದುವಾನ್‌ಜಿನ್ ಅಂದರೆ ಎಂಟು ಚಲನೆಗಳ ಚೀನೀ ಚಿಗಾಂಗ್, ಉಸಿರಿನ ಜೊತೆ ಮೆಲ್ಲಗೆ ಮಾಡೋ ವ್ಯಾಯಾಮ. ಎಂಟರಲ್ಲಿ ಏಳು ಚಲನೆಗಳದ್ದು ಏನೂ ತಕರಾರಿಲ್ಲ. ಆಕಾಶ ಎತ್ತೋ ಹಾಗೆ ಕೈ ಎತ್ತೋದು, ಬಿಲ್ಲು ಎಳೆಯೋ ಹಾಗೆ ಕೈ ಚಾಚೋದು, ಹಿಮ್ಮಡಿ ಕುಟ್ಟೋದು ಎಲ್ಲ ಸಲೀಸು. ಕಾಡಿದ್ದು ಐದನೆಯದು. ತಲೆ ತೂಗಿ, ಬಾಲ (ಅಂದರೆ ಬೆನ್ನೆಲುಬಿನ ಕೊನೆ) ಅಲ್ಲಾಡಿಸಿ, ಚೀನೀ ವೈದ್ಯದವರು ಹೇಳೋ ಹೃದಯದ ಬೆಂಕಿ ಆರಿಸಬೇಕಂತೆ. ಮೇ ತಿಂಗಳ ವಿಜಯಪುರದಲ್ಲಿ ಯಾವ ಬೆಂಕಿ ಅಂತ ಆರಿಸೋದು? ನನಗಂತೂ ಬಲ ಮೊಣಕಾಲಿಗೇ ಹೊಸದಾಗಿ ಬೆಂಕಿ ಹತ್ತಿತ್ತು.

ಕುದುರೆ ನಿಲುವಿನಲ್ಲಿ, ಅಂದರೆ ಕಾಲು ಅಗಲಿಸಿ ಮೊಣಕಾಲು ಮಡಚಿ, ಕೂತು ಬಲಕ್ಕೆ ಬಾಗಿದ ಕೂಡಲೇ ಮೊಣಕಾಲು ಒಳಕ್ಕೆ ಬೀಳುತ್ತಿತ್ತು. ಮೊಣಕಾಲಿಗೆ ಮಡಚೋದು, ಬಿಚ್ಚೋದು ಗೊತ್ತು. ತಿರುಚಿದರೆ ಸಿಟ್ಟಿಗೇಳುತ್ತದೆ. ತಿರುಗೋ ಕೆಲಸ ತೊಡೆಯ ಕೀಲಿನದು. ವಿಡಿಯೊ ನೋಡಿ ಕಲಿಯೋಣ ಅಂದರೆ ಗುರುಗಳೆಲ್ಲ ದೊಗಳೆ ರೇಷ್ಮೆ ಪೈಜಾಮದವರು. ಒಳಗೆ ಮೊಣಕಾಲು ಎಲ್ಲಿದೆಯೋ ದೇವರೇ ಬಲ್ಲ.

ಮಾಳಿಗೆ ಮೇಲೆ ಗೋಡೆಗೆ ಬೆನ್ನು ಹಾಕಿ ನಿಂತು, ಬಾಲದ ಮೂಳೆಯ ಹತ್ತಿರ ಪ್ಯಾಂಟಿಗೆ ಒಂದು ಚಾಕ್‌ಪೀಸ್ ಟೇಪು ಹಚ್ಚಿ ಅಂಟಿಸಿದೆ. ಬಾಲ ತೂಗಿದರೆ ಗೋಡೆ ಮೇಲೆ ಕಮಾನು ಮೂಡಬೇಕು, ಅಲ್ವಾ? ಮೂಡಿದ್ದು ಒಂದು ದಪ್ಪ ಚುಕ್ಕೆ! ತಲೆ, ಎದೆ ಎಲ್ಲ ಊರು ಸುತ್ತುತ್ತಿದ್ದವು, ಬಾಲ ಮಾತ್ರ ಕೂತಲ್ಲೇ. ತಿರುಚೆಲ್ಲ ಮೊಣಕಾಲಿನ ಪಾಲಿಗೆ.

ಪಾದ ನೇರ ಮುಂದಕ್ಕೆ ಇಟ್ಟೆ. ನಡುವೆ ಮೂರು ಪಾದದಷ್ಟು ಅಂತರ. ಮೊದಲಿಗಿಂತ ಒಂದು ಗೇಣು ಮೇಲಕ್ಕೇ ಕೂತೆ. ಬಲಕ್ಕೆ ಬಾಗುವ ಮೊದಲು ಕುಂಡಿಯನ್ನು ಎಡಕ್ಕೆ ಸರಿಸಿ, ಆಮೇಲೆ ತಲೆ ಇಳಿಸಿದೆ. ಮೊಣಕಾಲು ಪಾದದ ನೇರಕ್ಕೇ ನಿಂತಿತು. ಗೋಡೆ ಮೇಲೆ ಚಂದದ ಕಮಾನು! ಎಡಗಡೆಯದು ಮಾತ್ರ ನಮ್ಮ ಬಾರಾ ಕಮಾನಿನ ಹಾಗೆ ಅರ್ಧಕ್ಕೇ ನಿಂತಿದೆ. ಮನೆಯವರು ಮೇಲೆ ಬಂದು ನೋಡಿ, "ರೀ, ಈ ಗ್ವಾಡಿ ಒರಸಾವ್ರು ಯಾರ?" ಅಂದರು.

ಬೂಟಿನ ಕಥೆ ಬೇರೆ. ಚಪ್ಪಟೆ ತಳದ ಬಟ್ಟೆ ಬೂಟು ಆನ್‌ಲೈನ್‌ನಲ್ಲಿ ತರಿಸಿದೆ. ಬಂದದ್ದಕ್ಕೆ ಎರಡು ಬೆರಳು ಹಿಮ್ಮಡಿ. ಫೋಟೊ ಕಳಿಸಿದರೆ "ಸರಿಯಾಗಿಯೇ ಇದೆ" ಅಂತ ಮಾರಿದವರ ಉತ್ತರ. ಹಿಮ್ಮಡಿ ಎತ್ತರವಾದರೆ ಭಾರ ಮುಂಗಾಲಿಗೆ ಬೀಳುತ್ತದೆ, ಮೊಣಕಾಲಿಗೆ ಇನ್ನೂ ಜಾಸ್ತಿ ತ್ರಾಸು. ಗಾಂಧಿ ಚೌಕದಲ್ಲಿ ಕೇಳಿದರೆ ಅಂಗಡಿಯವರು "ಡಾನ್ಸ್ ಕ್ಲಾಸಿಗೇನ್ರಿ ಸಾಹೇಬ್ರ?" ಅಂದರು. ಈಗ ಬರಿಗಾಲು. ಬಿಸಿಲೇರಿದರೆ ಮಾಳಿಗೆ ಕಾಯುತ್ತದೆ, ಅಷ್ಟರೊಳಗೆ ಮುಗಿಸಬೇಕು.

ಮುಂದಿನದು ಲಿಯು ಜ಼ಿ ಜುಯೆ, ಇನ್ನೊಂದು ಚಿಗಾಂಗ್. ಉಸಿರು ಬಿಡುವಾಗ ಆರು ಸದ್ದು. ಅದರಲ್ಲಿ ಗುಲ್ಮಕ್ಕೆ (ಸ್ಪ್ಲೀನಿಗೆ) ಅಂತ ಇರೋ 'ಹೂ' ಅನ್ನೋದನ್ನು ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲೇ ಮಾಡಬೇಕು ಅಂತ ಆಸೆ. 1656ರ ಗುಮ್ಮಟ ಒಂದು 'ಹೂ'ಗೆ ಎಷ್ಟು ಸಲ ಓಗೊಡುತ್ತದೋ ನೋಡೋಣ. ಶಾಲೆಯ ಟ್ರಿಪ್ಪಿನ ಮಕ್ಕಳು ಬರೋ ಮುಂಚೆ ಹತ್ತಬೇಕು. ಇಲ್ಲಾಂದ್ರೆ ಅವರ ಕೂಗಿನಲ್ಲಿ ನನ್ನ ಗುಲ್ಮ ಯಾರಿಗೆ ಕೇಳಬೇಕು? ಪಳಗಿದವರು ಈ ಆರನ್ನೂ ಸದ್ದಿಲ್ಲದೆ ಮಾಡುತ್ತಾರೆ. ಸದ್ದಿಲ್ಲದೆ ಮಾಡೋದಾದರೆ ಅಷ್ಟು ಮೆಟ್ಟಿಲು ಯಾಕೆ ಹತ್ತಬೇಕು, ಅದೂ ಈ ಮೊಣಕಾಲು ಇಟ್ಟುಕೊಂಡು?