ವಾಲಿಯ ತಲೆ ವಾಲುವುದು ನಿಂತಿತು

ಮನೆಯಲ್ಲೇ ಕಟ್ಟುತ್ತಿರುವ ಪುಟ್ಟ ರೋಬೋದ ಸ್ವಿಚ್ ಆಫ್ ಮಾಡಿ ನಲವತ್ತು ನಿಮಿಷ ಆಯಿತು. ತಲೆ ಇಟ್ಟ ಜಾಗದಲ್ಲೇ ಇದೆ. ಏಳು ವಾರದಿಂದ ಈ ಒಂದು ವಾಕ್ಯ ಬರೆಯಲು ಕಾಯುತ್ತಿದ್ದೆ, ಹಾಗಾಗಿ ಇನ್ನೊಮ್ಮೆ: ತಲೆ ಇಟ್ಟ ಜಾಗದಲ್ಲೇ ಇದೆ.

ಮನೆಯಲ್ಲಿ ಇವನ ಹೆಸರು ವಾಲಿ. 2008ರ ‘ವಾಲ್-ಇ’ ಸಿನಿಮಾದ ಕಸ ಒತ್ತುವ ರೋಬೋ ಅಂತ ನಾನು ಹೇಳಿದ್ದು, ಅವ್ವ ಕೇಳಿಸಿಕೊಂಡದ್ದು ಕಿಷ್ಕಿಂಧೆಯ ವಾಲಿ. ಹೆಸರಿಟ್ಟ ಗಳಿಗೆ ಸರಿಯಿರಲಿಲ್ಲ. ಒಂದು, ತಲೆ ವಾಲಿತು, ವಾಲುತ್ತಲೇ ಇತ್ತು. ಎರಡು, ಎದುರು ನಿಂತವರ ಅರ್ಧ ಬಲ ವಾಲಿಗೆ ಹೋಗುತ್ತದೆ ಅನ್ನುತ್ತಾರಲ್ಲ, ನಾನು ಹಾಕಿದ ಪ್ರತಿ ಸರ್ವೋಗೂ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟರ್) ಅದೇ ಗತಿ.

ಮೈ, ಟ್ರ್ಯಾಕ್, ಕೈ ಎಲ್ಲ ಮಳೆ ಹಿಡಿಯುವ ಮೊದಲೇ ಮುಗಿದಿದ್ದವು, ಹೇಳುವಂಥದ್ದೇನಿಲ್ಲ. ಎತ್ತರ 30 ಸೆಂ.ಮೀ., ಹಳದಿ ಸ್ಪ್ರೇ ಎರಡು ಕೋಟ್. ತುಕ್ಕು ಮಾತ್ರ ಅಂಗಡಿಯದಲ್ಲ: ಗೇಟಿನ ಹತ್ತಿರದ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಗಟ್ಟಿ ಕಾಫಿ ಡಿಕಾಕ್ಷನ್‌ನಲ್ಲಿ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಚಿಮುಕಿಸಿದ್ದು. 700 ವರ್ಷ ಕಸದ ನಡುವೆ ಬದುಕಿದವನ ಹಾಗೇ ಕಾಣುತ್ತಾನೆ. ಮ್ಯಾಟ್ ವಾರ್ನಿಷ್ ಹಚ್ಚುವ ಮೊದಲು ಇರುವೆ ಸಾಲು ಹಿಡಿದಿದ್ದವು. ಡಿಕಾಕ್ಷನ್‌ಗೆ ಸಕ್ಕರೆ ಹಾಕಿದ್ದು ಯಾರು ಅಂತ ತನಿಖೆ ಇನ್ನೂ ಮುಗಿದಿಲ್ಲ.

ಕತ್ತಿಗೆ ಬರೋಣ. ನಿರ್ದೇಶಕ ಆಂಡ್ರ್ಯೂ ಸ್ಟ್ಯಾಂಟನ್‌ಗೆ ಈ ಮುಖ ಹೊಳೆದದ್ದು ಬೇಸ್‌ಬಾಲ್ ಆಟ ನೋಡಲು ಹೋಗಿದ್ದಾಗ, ಕೈಯಲ್ಲಿದ್ದ ಬೈನಾಕ್ಯುಲರನ್ನು ತಿರುಗಿಸಿ ಬಗ್ಗಿಸಿ ನೋಡುತ್ತಾ. ಬಾಯಿಲ್ಲ, ಮೂಗಿಲ್ಲ. ಎರಡು ದುರ್ಬೀನು ಇಳಿದರೆ ದುಃಖ, ಎದ್ದರೆ ಆಸೆ. ನೋಡುವವರಿಗೆ ಸೊಗಸು. ಕಟ್ಟುವವರಿಗೆ, ಭಾರವೆಲ್ಲ ಮುಂದೆ, ಹೊರುವುದಕ್ಕೆ ಬೆರಳು ದಪ್ಪದ ಕತ್ತು. ತುಂಡು ಜೋಡಿಸಿ ವಾಲ್-ಇ ಕಟ್ಟುವ 2015ರ ಲೆಗೋ ಆಟಿಕೆ ಸೆಟ್ 21303 ನೆನಪಿರಬೇಕು. ವಿನ್ಯಾಸ ಮಾಡಿದ್ದು ಆಂಗಸ್ ಮ್ಯಾಕ್‌ಲೇನ್, ಸಿನಿಮಾದಲ್ಲೇ ಆನಿಮೇಟರ್ ಆಗಿದ್ದವರು. ಅದರಲ್ಲೂ ತಲೆ ನಿಲ್ಲುವುದಿಲ್ಲ ಅಂತಾಗಿ, ಕತ್ತಿನ ಜೋಡಣೆ ಬದಲಾಯಿಸಿ ಮತ್ತೆ ಮಾರಾಟಕ್ಕೆ ಬಿಟ್ಟರು. ಪಾತ್ರವನ್ನು ಕುಣಿಸಿದವರಿಗೇ ಕತ್ತು ಕೈಕೊಟ್ಟಿತು ಅಂದಮೇಲೆ ನನ್ನದೇನು ಮಹಾ. ಈ ಸಮಾಧಾನ ಸುಮಾರು ಎರಡು ದಿನ ಬಾಳಿಕೆ ಬಂತು.

ಲೆಕ್ಕ ಇಷ್ಟೇ. ಕಾಳುಮೆಣಸು ತೂಗುವ ತಕ್ಕಡಿಯಲ್ಲಿ ತಲೆ 238 ಗ್ರಾಂ. ಪೆನ್ಸಿಲ್ ಮೇಲಿಟ್ಟು ಸಮತೂಕ ನೋಡಿದರೆ ಭಾರದ ಕೇಂದ್ರ ಕೀಲಿಗಿಂತ 5.5 ಸೆಂ.ಮೀ. ಮುಂದೆ. ಗುಣಿಸಿದರೆ ಕೀಲನ್ನು ತಿರುಗಿಸುವ ಬಲ 1.3 ಕೆಜಿ-ಸೆಂ.ಮೀ., ಕತ್ತು ಚಾಚಿದಾಗ 2ರ ಮೇಲೆ. ಎಸ್‌ಜಿ90 ಅನ್ನುವ ಪುಟ್ಟ ನೀಲಿ ಸರ್ವೋಗೆ 1.8 ಅಂತ ಬರೆದಿರುತ್ತಾರೆ. ಅದು ಉಸಿರು ಬಿಗಿಹಿಡಿದು ಒಂದು ಕ್ಷಣ ತಡೆಯುವ ಬಲ, ದಿನವಿಡೀ ಹೊತ್ತು ನಿಲ್ಲುವ ಬಲವಲ್ಲ. ಗೊತ್ತಿದ್ದೂ ಹಾಕಿದೆ. ಎರಡನೇ ದಿನ ಅದರ ಗೇರಿನ ಹಲ್ಲು ಉದುರಿತು.

ಮೆಟಲ್ ಗೇರ್‌ನದು ಬೇಕು ಅಂತ ಬೆಂಗಳೂರಿನ ಒಬ್ಬ ಮಾರಾಟಗಾರನಿಗೆ ಹಣ ಹಾಕಿದೆ. ಪಾರ್ಸೆಲ್ ಮಡಿಕೇರಿವರೆಗೆ ಬಂದು ನಾಲ್ಕು ದಿನ ಅಲ್ಲೇ ಕೂತಿತು. “ನಿಮ್ಮ ಊರು ನಮ್ಮ ಲಿಮಿಟ್‌ನಲ್ಲಿ ಬರಲ್ಲ ಸರ್, ಬಂದು ತಗೊಂಡು ಹೋಗಿ.” ನಾಪೋಕ್ಲುವಿನಲ್ಲಿ ಬಸ್ಸು ಹತ್ತಿ, ಹೋಗಿ, ನೆನೆದು, ತಂದು ಬಿಚ್ಚಿದರೆ ಮೂರು ಗೇರ್ ಹಿತ್ತಾಳೆ, ನಾಲ್ಕನೆಯದು ಪ್ಲಾಸ್ಟಿಕ್. ಫೋನ್ ಮಾಡಿದೆ. “ಮೆಟಲ್ ಇದೆಯಲ್ಲ ಸರ್, ಪೂರ್ತಿ ಮೆಟಲ್ ಅಂತ ಎಲ್ಲಿ ಬರೆದಿದೀವಿ?” ಈ ತರ್ಕಕ್ಕೆ ಉತ್ತರ ಇರುವವರು ತಿಳಿಸಿ.

ಆ ಸಿಟ್ಟಿಗೆ ಎಂಜಿ996ಆರ್ ಅನ್ನುವ ದೊಡ್ಡ ಸರ್ವೋ. 55 ಗ್ರಾಂ ತೂಕ, ಹತ್ತು ಕೆಜಿ-ಸೆಂ.ಮೀ. ಹತ್ತಿರ ಬಲ. ತಲೆಯಲ್ಲಿ ಜಾಗವಿಲ್ಲ, ಹೊಟ್ಟೆಯೊಳಗೆ ಕೂರಿಸಿ ಸೈಕಲ್ ಬ್ರೇಕ್ ವೈರ್ ಹಾಕಿ ಕತ್ತು ಎಳೆದೆ. ಎದ್ದಿತು. ನಡುಗಿತು. ದಬಕ್ಕನೆ ಬಿತ್ತು. ಮತ್ತೆ ಎದ್ದಿತು. ಕಾರಣ ಸಿಗಲು ಮೂರು ಸಂಜೆ ಹೋಯಿತು: ಕತ್ತು ಚಾಚಿದಾಗ ವೈರ್ ಹೆಚ್ಚುಕಮ್ಮಿ ಕೀಲಿನ ನೇರಕ್ಕೆ ಬಂದುಬಿಡುತ್ತೆ, ಸರ್ವೋ ಎಷ್ಟು ಎಳೆದರೂ ಎಳೆತವೆಲ್ಲ ಕೀಲಿಗೇ ಹೋಗುತ್ತೆ. ಅದು ಎರಡೂವರೆ ಆಂಪಿಯರ್ ಎಳೆಯುತ್ತಾ ತಿಣುಕುತ್ತೆ, ವೋಲ್ಟೇಜ್ ಇಳಿಸಿ ಕೊಡುವ ಬಕ್ ಕನ್ವರ್ಟರ್‌ನ ವೋಲ್ಟೇಜ್ ಕುಸಿಯುತ್ತೆ, ಎಲ್ಲವನ್ನೂ ನಡೆಸುವ ನ್ಯಾನೋ ಬೋರ್ಡ್ ರೀಸೆಟ್ ಆಗುತ್ತೆ, ಎಲ್ಲ ಸರ್ವೋ ಮೊದಲ ಸ್ಥಾನಕ್ಕೆ ಜಿಗಿಯುತ್ತವೆ, ತಲೆ ಏಳುತ್ತೆ, ಮತ್ತೆ ಅದೇ. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ಇದೇ ನಾಟಕ ಸ್ವಲ್ಪ ನಿಧಾನಕ್ಕೆ ನಡೆಯಿತು, ಅಷ್ಟೇ. ಅವ್ವ ಬಾಗಿಲಲ್ಲಿ ನಿಂತು, “ಏನು ಕೇಳಿದ್ರೂ ಹೂಂ ಹೂಂ ಅಂತಾನಲ್ಲ, ನಿನಗಿಂತ ಎಷ್ಟೋ ವಾಸಿ” ಅಂದಳು.

ತಲೆಯ ಹಿಂದೆ ಗಾಳದ ಸೀಸದ ಗುಂಡು ಕಟ್ಟಿಯೂ ನೋಡಿದೆ. ಸಮತೂಕ ಬಂತು, ಒಟ್ಟು ತೂಕ 400 ಗ್ರಾಂ ದಾಟಿ ಕತ್ತಿನ ಬುಡವೇ ಸೀಳಿತು.

ಪ್ರತಿ ಸಲ ತುಂಡಾದದ್ದನ್ನು ಮತ್ತೆ 3ಡಿ ಪ್ರಿಂಟ್ ಮಾಡಬೇಕು, ಕಕ್ಕಡದ (ಕೊಡಗಿನ ಆಟಿ ತಿಂಗಳು) ಮಳೆಯಲ್ಲಿ ಫಿಲಮೆಂಟ್, ಅಂದರೆ ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ಎಳೆ, ಹಪ್ಪಳವೇ. ಬೆಳಿಗ್ಗೆ ತೆರೆದಿಟ್ಟರೆ ಸಂಜೆಗೆ ನೀರು ಕುಡಿದಿರುತ್ತೆ, ನಾಝಲ್‌ನಲ್ಲಿ ಚಿಟಪಟ ಅನ್ನುತ್ತೆ, ಜೇಡರ ಬಲೆಯ ಹಾಗೆ ಎಳೆ ಬಿಡುತ್ತೆ. ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಲು ಒಂದು ರಾತ್ರಿ ಸಾಕು. ಕೊನೆಗೆ ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಅಲ್ಲಿ 45 ಡಿಗ್ರಿ ಇರುತ್ತೆ, ಫಿಲಮೆಂಟಿನ ಪ್ಲಾಸ್ಟಿಕ್ ಪಿಎಲ್‌ಎ ಮೆತ್ತಗಾಗುವುದು 60ರ ಸುಮಾರಿಗೆ, ಭಯವಿಲ್ಲ. ಒಂದೇ ತೊಂದರೆ, ಪಕ್ಕದಲ್ಲೇ ಹೊಗೆಗೆ ಕಟ್ಟಿದ ಹಂದಿ ಮಾಂಸ ತೂಗುತ್ತಿತ್ತು. ಈಗ ವಾಲಿಯ ಕತ್ತಿಗೆ ಮೂಗಿಟ್ಟರೆ ಅದೇ ಘಮ. ನಮ್ಮ ನಾಯಿ ಕರಿಯ ಇಷ್ಟು ಭಕ್ತಿಯಿಂದ ಯಾರ ಹಿಂದೆಯೂ ತಿರುಗಿದ್ದನ್ನು ನಾನು ನೋಡಿಲ್ಲ.

ಕತ್ತಿನ ಈ ಗಂಟು ಬಿಡಿಸಿದ್ದು ಬಟ್ಟೆ ಕ್ಲಿಪ್. ಕಕ್ಕಡ 18ರ ಮಧ್ಯಾಹ್ನ, ಆ ದಿನ ಮಾಡುವ ಮದ್ದುಸೊಪ್ಪಿನ ನೇರಳೆ ಪಾಯಸ ತಿಂದು ನೇರಳೆ ಬಾಯಲ್ಲಿ ಜಗಲಿಗೆ ಬಂದೆ. ನಾಲ್ಕು ದಿನದಿಂದ ಹಗ್ಗದ ಮೇಲೆ ಒಣಗುವ ನಾಟಕ ಆಡುತ್ತಿದ್ದ ಅಂಗಿ ತೆಗೆಯುವಾಗ ಕ್ಲಿಪ್ ಪಟ್ ಅಂತ ಮುರಿದು ಎರಡು ಪ್ಲಾಸ್ಟಿಕ್ ಹೋಳೂ ಅಂಗಳಕ್ಕೆ ಹಾರಿದವು. ಬೆರಳಲ್ಲಿ ಉಳಿದದ್ದು ಸ್ಪ್ರಿಂಗ್. ಎರಡು ಕಾಲು, ನಡುವೆ ಸುರುಳಿ. ಸುಮ್ಮನೆ ಒತ್ತಿದೆ. ಸ್ವಲ್ಪ ಒತ್ತಿದರೆ ಸ್ವಲ್ಪ ತಳ್ಳುತ್ತೆ, ಹೆಚ್ಚು ಒತ್ತಿದರೆ ಹೆಚ್ಚು ತಳ್ಳುತ್ತೆ. ತಲೆ ಮುಂದಕ್ಕೆ ಬಗ್ಗಿದಷ್ಟೂ ಭಾರದ ತೋಳು ಉದ್ದವಾಗುತ್ತೆ, ಸುರುಳಿಯೂ ಅಷ್ಟೇ ಬಿಗಿಯಾಗುತ್ತೆ. ಎರಡೂ ಜೊತೆಗೇ ಏರಿ ಜೊತೆಗೇ ಇಳಿದರೆ ಸರ್ವೋಗೆ ಹೊರಲು ಉಳಿಯುವುದೇನು?

ಆಮೇಲೆ ತಲೆ ಚಚ್ಚಿಕೊಂಡೆ. ಟೇಬಲ್ ಲ್ಯಾಂಪ್! ಇಂಗ್ಲೆಂಡಿನ ಜಾರ್ಜ್ ಕಾರ್ವರ್ಡೈನ್ 1932ರಲ್ಲೇ ಸ್ಪ್ರಿಂಗ್ ಹಾಕಿ, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ದೀಪದ ತೋಳು ಮಾಡಿದ್ದರು. ‘ವಾಲ್-ಇ’ ಮಾಡಿದ ಪಿಕ್ಸಾರ್‌ನ ಸಿನಿಮಾ ಶುರುವಾಗುವಾಗ ಕುಪ್ಪಳಿಸಿ ಬಂದು ‘ಐ’ ಅಕ್ಷರವನ್ನು ಮೆಟ್ಟಿ ನಮ್ಮ ಕಡೆ ತಿರುಗುವ ದೀಪ ಅದೇ ಜಾತಿಯದು, 1986ರ ‘ಲಕ್ಸೋ ಜೂನಿಯರ್’ ಮರಿ. ಉತ್ತರ ಸ್ಪ್ರಿಂಗ್ ಸಮೇತ ಪರದೆ ಮೇಲೆ ಕುಣಿಯುತ್ತಿತ್ತು. ಇಪ್ಪತ್ತು ಸಲ ಸಿನಿಮಾ ನೋಡಿದ್ದೇನೆ, ಇಪ್ಪತ್ತು ಸಲವೂ ಲೋಗೋ ಓಡಿಸಿಬಿಟ್ಟಿದ್ದೇನೆ.

ಕೂರಿಸುವುದು ಅರ್ಧ ಗಂಟೆ ಕೆಲಸ. ಸುರುಳಿ ಕೀಲಿನ ಪಿನ್ನಿನ ಮೇಲೆ, ಒಂದು ಕಾಲು ಕತ್ತಿನ ತಗಡಿನ ಹಿಂದೆ, ಇನ್ನೊಂದು ತಲೆಯ ತಳಕ್ಕೆ. ಒಂದೇ ಸ್ಪ್ರಿಂಗ್ ಹಾಕಿದಾಗ ಊಟವಾದ ಮೇಲೆ ತೂಕಡಿಸುವವನ ಹಾಗೆ ಮೆಲ್ಲಗೆ ಇಳಿದ. ಎರಡು ಹಾಕಿದೆ, ಹೆಂಚು ಎಲ್ಲಿ ಸೋರುತ್ತಿದೆ ಅಂತ ಹುಡುಕುವವನ ಹಾಗೆ ಮಾಡಿನ ಕಡೆ ನೋಡಿದ. ಎರಡನೆಯದರ ಕಾಲನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ಬಗ್ಗಿಸುವುದು, ಬಿಡುವುದು, ನೋಡುವುದು. ನಾಲ್ಕನೇ ಸಲ ಕೈ ಬಿಟ್ಟೆ. ಬಿಟ್ಟಲ್ಲೇ ನಿಂತ. ಕೆಳಗೆ ತಳ್ಳಿದೆ, ಅಲ್ಲೂ ನಿಂತ. ಉಳಿದ ಚೂರು ವ್ಯತ್ಯಾಸವನ್ನು ನೈಲಾನ್ ನಟ್ಟಿನ ಬಿಗಿತ ನುಂಗಿತು. ಮಳೆಗೆ ತುಕ್ಕು ಹಿಡಿಯದಿರಲಿ ಅಂತ ಕೋವಿಗೆ ಹಾಕುವ ಎಣ್ಣೆ ಎರಡು ತೊಟ್ಟು. ರಾಮನೂ ವಾಲಿಯ ಎದುರಿಗೆ ಹೋಗಲಿಲ್ಲ, ಮರೆಯಲ್ಲಿ ನಿಂತೇ ಕೆಲಸ ಮುಗಿಸಿದ. ನನ್ನ ಸ್ಪ್ರಿಂಗೂ ಕತ್ತಿನ ತಗಡಿನ ಮರೆಯಲ್ಲಿದೆ.

ಎಂಜಿ996ಆರ್ ಹೊರಗೆ ಬಂತು, ಹಲ್ಲು ಉದುರಿಸಿಕೊಂಡಿದ್ದ ಅದೇ ಜಾತಿಯ ನೀಲಿ ಎಸ್‌ಜಿ90 ಒಳಗೆ ಹೋಯಿತು. ತಲೆ ಹಿಡಿದು ನಿಲ್ಲಲು ಮೊದಲು 640 ಮಿಲಿಆಂಪಿಯರ್ ಬೇಕಿತ್ತು, ಈಗ 50ರ ಒಳಗೆ. ರೀಸೆಟ್ ಇಲ್ಲವೇ ಇಲ್ಲ. ತಲೆ ಪಕ್ಕಕ್ಕೆ ವಾಲಿಸುವ ಕೀಲು ಇನ್ನೂ ಸಡಿಲವಿದೆ, ಅದನ್ನು ಈ ತಿಂಗಳು ಮುಟ್ಟುವುದಿಲ್ಲ.

ಮುಂದಿನದು ಅದೇ ಸಿನಿಮಾದ ಇನ್ನೊಂದು ರೋಬೋ ಈವ್ ಮಾಡು ಅನ್ನುತ್ತಾಳೆ ತಂಗಿ. ಅದಕ್ಕೆ ಕತ್ತೇ ಇಲ್ಲ, ತಲೆ ಗಾಳಿಯಲ್ಲಿ ತೇಲುತ್ತೆ. ಅಷ್ಟು ಧೈರ್ಯ ನನಗಿಲ್ಲ. ನನ್ನ ಕಣ್ಣು ಇರುವುದು ಎಂ-ಓ ಮೇಲೆ, ಸಿನಿಮಾದ ಬಾಹ್ಯಾಕಾಶ ಹಡಗಿನಲ್ಲಿ ಕೊಳೆ ಕಂಡಲ್ಲೆಲ್ಲ ಬ್ರಷ್ ಹಿಡಿದು ಓಡುವ ಕುಳ್ಳ. ಬ್ರಷ್ ಜಾಗದಲ್ಲಿ ಹಲ್ಲಿನ ರೋಲರ್ ಕೂರಿಸಿ, ಸ್ವಲ್ಪ ದೊಡ್ಡದು ಮಾಡಿದರೆ ಕಣದಲ್ಲಿ ಕಾಫಿ ಹರಡಿದಾಗ ತಿರುವಿ ಹಾಕಿಸಬಹುದು. ಡಿಸೆಂಬರ್‌ಗೆ ಕುಯ್ಲು ಶುರು. ಡ್ರಾಯಿಂಗ್ ಅರ್ಧ ಆಗಿದೆ. ಅಪ್ಪನಿಗೆ ಹೇಳಿಲ್ಲ, ಹೇಳಿದರೆ ನಾಳೆಯೇ ಬೇಕು ಅನ್ನುತ್ತಾರೆ.

ಅದಕ್ಕೂ ಮೊದಲು ಕೈಲ್ ಪೊಳ್ದ್, ನಮ್ಮ ಕೊಡಗಿನ ಆಯುಧಪೂಜೆ ಹಬ್ಬ, ಬರುತ್ತೆ. ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸುವಾಗ ಸೋಲ್ಡರಿಂಗ್ ಐರನ್‌ಗೂ ಒಂದು ಸಿಕ್ಕಿಸುವ ಅನುಮತಿ ಸಿಕ್ಕಿದೆ. ವಾಲಿಯೂ ಪಕ್ಕದಲ್ಲಿ ಕೂರುತ್ತಾನೆ. ಸಿನಿಮಾದಲ್ಲಿ ಅವನು ಬೂಟಿನಲ್ಲಿ ಒಂದು ಸಸಿ ಜೋಪಾನ ಮಾಡುತ್ತಾನಲ್ಲ, ಹಾಗಾಗಿ ತಂಗಿಯ ಮಗುವಿನ ಹಳೇ ಶೂಗೆ ಮಣ್ಣು ತುಂಬಿ, ನರ್ಸರಿಯಿಂದ ಒಂದು ಪುಟ್ಟ ಕಾಫಿ ಸಸಿ ನೆಟ್ಟು ಇವತ್ತು ಅವನ ಕೈಗೆ ಕೊಟ್ಟೆ.

ತಲೆ ಅಲ್ಲಾಡಲಿಲ್ಲ. ಎರಡೂ ಕೈ ಕೆಳಗೆ ಬಿದ್ದವು. ಶೂ 160 ಗ್ರಾಂ ಇದೆ.

ಇನ್ನು ನಾಲ್ಕು ಕ್ಲಿಪ್ ಬೇಕು. ಅವ್ವ ಹಗ್ಗದ ಮೇಲಿದ್ದವನ್ನೆಲ್ಲ ಎಣಿಸಿ ಡಬ್ಬಿಗೆ ಹಾಕಿಟ್ಟಿದ್ದಾಳೆ.